ಗಿಡಾನೋ ಪ್ರಾಣೀನೋ: ಹೈಡ್ರಾದ ಮುನ್ನೂರು ವರ್ಷದ ಕಥಿ

ಪಿಯುಸಿ ಬಯಾಲಜಿ ಓದಿದೋರಿಗೆಲ್ಲಾ ಹೈಡ್ರಾದ ಚಿತ್ರ ನೆನಪಿರ್ತೈತಿ. ಕೊಳವಿಯಂಥಾ ಮೈ, ತುದಿಗೆ ಬಾಯಿ, ಸುತ್ತ ಐದಾರು ಗ್ರಹಣಾಂಗ (ಬೇಟಿ ಹಿಡಿಯೋ ಎಳಿ), ಮಗ್ಗಲಿಗೊಂದು ಮರಿ ಮೊಗ್ಗು. ರೆಕಾರ್ಡ್ ಬುಕ್ಕಿನ್ಯಾಗ ಬಿಡಿಸಿ ಸಹಿ ಹಾಕಿಸ್ಕೊಂಡ್ರ ಮುಗೀತು, ನಮ್ಮ ಗಂಗಾವತಿ, ಸಿಂಧನೂರು ಕಡೆ ಜೀವಂತ ನೋಡಿದೋರು ಬಾಳ ಕಡಿಮಿ. ಅದು ಇರೋದು ನಿಂತ ನೀರು, ನಿಧಾನಕ್ಕ ಹರಿಯೋ ನೀರಾಗ, ನೀರಿನ ಗಿಡದ ಎಲಿ ಕೆಳಗ. ಕೆರಿಯಿಂದ ಒಂದು ಹಿಡಿ ಗಿಡ ನೀರಿನ ಸಮೇತ ಗಾಜಿನ ಬಾಟ್ಲಿಗೆ ಹಾಕಿ ಕಿಟಕಿ ಹತ್ರ ರಾತ್ರಿ ಇಟ್ರ, ಇದ್ದದ್ದು ಗಾಜಿಗೆ ಬಂದು ಅಂಟ್ಕೊಂತೈತಿ. ಒಂದು ಸೆಂಟಿಮೀಟರೂ ಇರಂಗಿಲ್ಲ, ದಾರದ ತುಣುಕಿನಂಗ ಕಾಣ್ತೈತಿ, ಸೂಜಿ ತಾಗಿಸಿದ್ರ ಮುದುಡಿ ಚುಕ್ಕಿ ಆಗಿಬಿಡ್ತೈತಿ.

ಸೂಕ್ಷ್ಮದರ್ಶಕದಾಗ ಸಣ್ಣ ಜೀವಿ ಹುಡುಕ್ತಿದ್ದ ಹಾಲೆಂಡಿನ ಲ್ಯೂವೆನ್‌ಹುಕ್ 1702ರಾಗೇ ಇದನ್ನ ನೋಡಿ ಬರ್ದಿದ್ದ. ಆದ್ರ ಜಗಳ ಶುರುವಾಗಿದ್ದು 1740ರಾಗ, ಹೇಗ್ ಹತ್ರ ಶ್ರೀಮಂತರ ಮನ್ಯಾಗ ಇಬ್ರು ಹುಡುಗ್ರಿಗೆ ಪಾಠ ಹೇಳ್ತಿದ್ದ ಅಬ್ರಹಾಂ ಟ್ರೆಂಬ್ಲೆಯಿಂದ. ಅವನಿಗೆ ಸಿಕ್ಕಿದ್ದು ಹಸಿರು ಹೈಡ್ರಾ, ಬಣ್ಣ ನೋಡಿದ್ರ ಗಿಡ, ಆದ್ರ ಅಲುಗಾಡ್ತೈತಿ, ಜಾಡಿ ತಿರುಗಿಸಿ ಇಟ್ರ ಮತ್ತ ಬೆಳಕಿನ ಕಡೆ ಸರೀತೈತಿ. ಗಿಡ ಆಗಿದ್ರ ಎರಡೂ ತುಂಡು ಚಿಗೀತಾವ, ಪ್ರಾಣಿ ಆಗಿದ್ರ ಸಾಯ್ತೈತಿ ಅಂತ ಕತ್ತರಿಸಿದ. ಎರಡೂ ಬೆಳದ್ವು! ಆದ್ರ ಅವೇ ಹೈಡ್ರಾ ನೀರಿನ ಹುಳ ಹಿಡ್ದು ನುಂಗ್ತಿದ್ವು, ಕುಟುಕೋ ಕೋಶಗಳಿಂದ ಚುಚ್ಚಿ ಸುಸ್ತು ಮಾಡಿ ಬಾಯಿಗೆ ಎಳ್ಕೊಳ್ಳೋದು ಪ್ರಾಣಿ ಕೆಲಸನ ಅಲ್ಲೇನ್ರಿ. ಪ್ರಾಣಿ ಆಕಾರ ಮೊಟ್ಟಿಯಾಗೇ ಪೂರ್ತಿ ಸಿದ್ಧ ಇರ್ತೈತಿ ಅಂತ ಪಂಡಿತ್ರು ನಂಬಿದ್ದ ಕಾಲ ಅದು, ಬರೇ ತುಂಡೊಂದು ಹೊಸಾ ತಲಿ ಕಟ್ಕೊಂಡಿದ್ದು ಅವರ ಲೆಕ್ಕಾನೆಲ್ಲಾ ಅಲ್ಲಾಡಿಸ್ತು. 1743ರಾಗ ಟ್ರೆಂಬ್ಲೆಗೆ ಲಂಡನ್ನಿನ ಕಾಪ್ಲಿ ಪದಕ ಬಂತು. ಹಸಿರು ಬಣ್ಣ ಮೈಯೊಳಗ ವಾಸ ಮಾಡೋ ಪಾಚಿದು ಅನ್ನೋದು ಗೊತ್ತಾಗಿದ್ದು ಬಾಳ ತಡವಾಗಿ.

ಆ ಬಣ್ಣಾನೇ ಮುಂದ ಉಪಯೋಗಕ್ಕ ಬಂತು. ತುಂಡಿಗೆ ತಲಿ ಎಲ್ಲಿ ಬರಬೇಕು ಅಂತ ಹೆಂಗ ಗೊತ್ತಾಗ್ತೈತಿ? 1909ರಾಗ ಅಮೆರಿಕಾದ ಎಥೆಲ್ ಬ್ರೌನ್ ಒಂದು ಹೈಡ್ರಾದ ಬಾಯಿ ಹತ್ರದ ಚೂರು ತಗೊಂಡು ಇನ್ನೊಂದರ ಮಗ್ಗಲಿಗೆ ಕಸಿ ಮಾಡಿದ್ರು, ಒಂದು ಹಸಿರು, ಒಂದು ಬಿಳಿ, ಯಾರ ಮೈ ಯಾವುದು ಅಂತ ಕಣ್ಣಿಗೇ ಕಾಣ್ಲಿ ಅಂತ. ಮಗ್ಗಲಿಗೆ ಹೊಸಾ ಹೈಡ್ರಾನೇ ಎದ್ದಿತು, ಮೈ ಬಹುಪಾಲು ಕಸಿ ಮಾಡಿಸ್ಕೊಂಡಿದ್ದರದ್ದೇ. ಅಂದ್ರ ಆ ಚೂರು ಬರೇ ಬೆಳೀಲಿಲ್ಲ, ಪಕ್ಕದ ಕೋಶಗಳಿಗೂ ತಲಿ ಕಟ್ರಿ ಅಂತ ಆರ್ಡರ್ ಕೊಡ್ತು. ಇಂಥಾದ್ದನ್ನೇ ಕಪ್ಪಿ ಬಳಗದ ನ್ಯೂಟ್ ಅನ್ನೋ ಪ್ರಾಣಿ ಭ್ರೂಣದಾಗ ಸ್ಪೆಮಾನ್, ಹಿಲ್ಡೆ ಮ್ಯಾಂಗೋಲ್ಡ್ ತೋರ್ಸಿದ್ದು 1924ರಾಗ, ಸ್ಪೆಮಾನ್‌ಗೆ 1935ರಾಗ ನೊಬೆಲ್ ಬಂತು. ಬ್ರೌನ್ ಹೆಸರು ನಮ್ಮ ಪಠ್ಯದಾಗ ಇರಬೇಕಿತ್ತು, ಇದು ನನ್ನ ಗಟ್ಟಿ ಅಭಿಪ್ರಾಯ.

ಈಗಿನ ಪ್ರಶ್ನಿ ಮುಪ್ಪಿಂದು. ವಿಜ್ಞಾನಿ ಡೇನಿಯಲ್ ಮಾರ್ಟಿನೆಜ್ ನಾಕು ವರ್ಷ ಸಾಕಿ ನೋಡಿ 1998ರಾಗ ಬರ್ದ್ರು, ಮುಪ್ಪಿನ ಲಕ್ಷಣ ಕಾಣಲಿಲ್ಲ ಅಂತ, ಯಾಕಂದ್ರ ಅದರ ಕಾಂಡಕೋಶಗಳು (ಹೊಸಾ ಕೋಶ ಹುಟ್ಟಿಸೋ ಮೂಲ ಕೋಶಗಳು) ಒಡೀತಾನೇ ಇರ್ತಾವ, ಹಳೇ ಕೋಶ ತುದಿಗೆ ಸರ್ದು ಉದುರ್ತಾವ. ಹಂಗಂತ ಅಮರ ಅಲ್ಲ. ಮೀನು ತಿಂತಾವ, ಬಿಸಿ ನೀರಾಗ ಸಾಯ್ತಾವ, ಒಂದು ಜಾತಿಯಂತೂ ಚಳಿಯಾಗ ವೀರ್ಯ, ಮೊಟ್ಟಿ ಶುರು ಮಾಡಿದ ಮ್ಯಾಲೆ ಮುಪ್ಪಾಗ್ತೈತಿ.

ನಮ್ಮ ದೇಶದಾಗ ಪುಣೆಯ ಅಗರ್ಕರ್ ಸಂಸ್ಥೆಯೊಳಗ ಹೈಡ್ರಾ ಮ್ಯಾಲೆ ವರ್ಷಗಟ್ಲೆ ಕೆಲಸ ನಡದೈತಿ. ನಮ್ಮ ಭತ್ತದ ಸೀಮಿಗೆ ಬೇಕಾದ ಸಂಗತಿ ಇನ್ನೊಂದೈತಿ: ತಾಮ್ರದಂಥಾ ಲೋಹ ಸ್ವಲ್ಪ ಬೆರೆತ್ರೂ ಹೈಡ್ರಾಕ್ಕ ತಡಿಯಂಗಿಲ್ಲ, ಮೊದ್ಲು ಗ್ರಹಣಾಂಗದ ತುದಿ ಗುಂಡಗ ಉಬ್ತಾವ, ಆಮೇಲೆ ಮೋಟಾಗ್ತಾವ, ಕೊನಿಗೆ ಮೈ ಕರಗಿ ಹೋಗ್ತೈತಿ, ಅದಕ್ಕ ನೀರಿನ ವಿಷ ಪರೀಕ್ಷೆಗೆ ಇದನ್ನ ಬಳಸ್ತಾರ. ಕಾಲೇಜಿನ ಪ್ರಾಕ್ಟಿಕಲ್‌ದಾಗ ಚಿತ್ರದ ಜೊತಿಗೆ ಇದನ್ನೂ ಮಾಡಿಸ್ರಿ, ಕೆರಿ ನೀರೊಂದು ಜಾಡಿ, ಗದ್ದಿ ಬಸಿನೀರೊಂದು ಜಾಡಿ, ಎರಡಕ್ಕೂ ಒಂದೇ ತಾಯಿ ಹೈಡ್ರಾದ ಮರಿಗಳು, ಒಂದು ಲೆನ್ಸ್ ಇದ್ರ ಸಾಕು.