ಜನ ಮೆಚ್ಚಿದ ರೈಡ್‌ಗಳಿಗೆ ಬೀಗ ಬೀಳುವುದೇಕೆ?

2023ರ ಜನವರಿ 22 ಫ್ಲೋರಿಡಾದ ಡಿಸ್ನಿ ಮನರಂಜನಾ ಪಾರ್ಕ್ ಮ್ಯಾಜಿಕ್ ಕಿಂಗ್‌ಡಮ್‌ನಲ್ಲಿ ಸ್ಪ್ಲ್ಯಾಶ್ ಮೌಂಟನ್‌ನ ಕೊನೆಯ ದಿನವಾಗಿತ್ತು. ಮರದ ದಿಮ್ಮಿಯಂಥ ದೋಣಿಯಲ್ಲಿ ಕುಳಿತು ಸುಮಾರು 16 ಮೀಟರ್ ಎತ್ತರದಿಂದ ನೀರಿಗೆ ಧುಮುಕುವ ಈ ರೈಡ್‌ಗಾಗಿ ಜನ ಗಂಟೆಗಟ್ಟಲೆ ಸಾಲಿನಲ್ಲಿ ನಿಂತರು. ಅಲ್ಲಿನ ನೀರನ್ನು ಶೀಶೆಗೆ ತುಂಬಿ ಆನ್‌ಲೈನ್‌ನಲ್ಲಿ ಮಾರಾಟಕ್ಕಿಟ್ಟವರೂ ಇದ್ದರು. ರೈಡ್‌ನ ಕಥೆ 1946ರ ‘ಸಾಂಗ್ ಆಫ್ ದಿ ಸೌತ್’ ಚಿತ್ರದ್ದು. ಕಪ್ಪು ಜನರ ಬದುಕನ್ನು ಆ ಚಿತ್ರ ತೋರಿಸಿದ ರೀತಿಗೆ ಬಿಡುಗಡೆಯ ಕಾಲದಿಂದಲೂ ಆಕ್ಷೇಪವಿತ್ತು. 2020ರ ಜೂನ್‌ನಲ್ಲಿ ಬದಲಾವಣೆ ಘೋಷಣೆಯಾಯಿತು. 2024ರ ಜೂನ್ 28ರಂದು ಅದೇ ಕಾಲುವೆಯಲ್ಲಿ ಟಿಯಾನಾ ಎಂಬ ಕಪ್ಪು ರಾಜಕುಮಾರಿಯ ಕಥೆ ಶುರುವಾಯಿತು.

ಆ ಬದಲಾವಣೆಗೆ ಕಾರಣ ನ್ಯಾಯವಾದದ್ದು. ರೈಡ್ ಹೋಯಿತೆಂದು ಅತ್ತವರ ದುಃಖವೂ ಸುಳ್ಳಲ್ಲ. ಆದರೆ ಈ ಒಂದು ಪ್ರಕರಣದ ಗದ್ದಲದಲ್ಲಿ, ಹಳೆಯ ರೈಡ್‌ಗಳೆಲ್ಲ ಇಂಥ ವಿವಾದಗಳಿಂದಲೇ ಮುಚ್ಚುತ್ತವೆ ಎಂಬ ತಪ್ಪು ಅಭಿಪ್ರಾಯ ಬೇರೂರಿದೆ. ಡಿಸ್ನಿ ಪಾರ್ಕ್‌ಗಳ ಎಪ್ಪತ್ತು ವರ್ಷಗಳ ಲೆಕ್ಕ ತೆಗೆದರೆ ಅಂಥವು ಬಹಳ ಕಡಿಮೆ. ಕ್ಯಾಲಿಫೋರ್ನಿಯಾದಲ್ಲಿ 1989ರಲ್ಲಿ ತೆರೆದ ಮೊದಲ ಸ್ಪ್ಲ್ಯಾಶ್ ಮೌಂಟನ್‌ನಲ್ಲಿ ಹಾಡುತ್ತಿದ್ದ ಯಂತ್ರಪ್ರಾಣಿಗಳು ಹೆಚ್ಚಿನಂಶ ‘ಅಮೆರಿಕಾ ಸಿಂಗ್ಸ್’ ಎಂಬ ಇನ್ನೊಂದು ಪ್ರದರ್ಶನದಿಂದ ಬಂದವು. ಅದನ್ನು ಮುಚ್ಚಿದ್ದು 1988ರಲ್ಲಿ. ಅದಕ್ಕೂ ಅಭಿಮಾನಿಗಳಿದ್ದರು.

ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್ ತೆರೆದದ್ದು 1955ರ ಜುಲೈ 17ರಂದು. ಈ ಪಾರ್ಕ್ ಎಂದಿಗೂ ಪೂರ್ತಿಯಾಗುವುದಿಲ್ಲ, ಬೆಳೆಯುತ್ತಲೇ ಇರುತ್ತದೆ ಎಂದು ವಾಲ್ಟ್ ಡಿಸ್ನಿ ಹೇಳುತ್ತಿದ್ದರು. ಮುಚ್ಚುವ ಪ್ರತಿ ಸಲವೂ ಆ ಮಾತನ್ನು ಯಾರಾದರೂ ನೆನಪಿಸುತ್ತಾರೆ. ಆದರೆ ಆಗಿನ ವ್ಯವಸ್ಥೆ ಬೇರೆಯಿತ್ತು. ಒಳಗೆ ಹೋದ ಮೇಲೆ ಒಂದೊಂದು ರೈಡ್‌ಗೂ ಚೀಟಿ ಹರಿದು ಕೊಡಬೇಕಿತ್ತು. ಚಿಕ್ಕವಕ್ಕೆ ‘ಎ’ ಚೀಟಿ, 1959ರಿಂದ ದೊಡ್ಡವಕ್ಕೆ ‘ಇ’ ಚೀಟಿ. ಯಾವ ರೈಡ್ ಎಷ್ಟು ಸಂಪಾದಿಸಿತು ಎಂಬುದು ಸಂಜೆಗೇ ಗೊತ್ತಾಗುತ್ತಿತ್ತು. 1982ರಲ್ಲಿ ಚೀಟಿ ಪುಸ್ತಕ ನಿಂತು, ಬಾಗಿಲಲ್ಲಿ ಒಮ್ಮೆ ಹಣ ಕೊಟ್ಟರೆ ಎಲ್ಲವೂ ಸಿಗುವ ಪದ್ಧತಿ ಬಂತು. ನನ್ನ ದೃಷ್ಟಿಯಲ್ಲಿ ಹಳೆಯ ರೈಡ್‌ಗಳ ಗ್ರಹಚಾರ ಶುರುವಾದದ್ದು ಇಲ್ಲಿಂದ. ಅಜ್ಜಿ ಮೊಮ್ಮಗನನ್ನು ಕರೆದುಕೊಂಡು ಹತ್ತನೆಯ ಸಲ ಹತ್ತುವ ರೈಡ್ ಈಗ ಪ್ರತ್ಯೇಕವಾಗಿ ಒಂದು ಕಾಸನ್ನೂ ತರುವುದಿಲ್ಲ. ಆ ಅಜ್ಜಿ ಹೇಗಿದ್ದರೂ ಬರುತ್ತಾಳೆ. ಹೊಸಬರನ್ನು ಬಾಗಿಲಿಗೆ ಎಳೆಯುವುದು ಜಾಹೀರಾತಿನಲ್ಲಿ ತೋರಿಸಬಹುದಾದ ಹೊಸ ರೈಡ್.

ಇದರ ಜೊತೆಗೆ ಪ್ರಾಯೋಜಕರ ಕಥೆಯೂ ಸೇರಿಕೊಂಡಿದೆ. ಅದನ್ನು ಅರಿಯದೆ ಉಳಿದದ್ದು ಅರ್ಥವಾಗುವುದಿಲ್ಲ. 1982ರ ಅಕ್ಟೋಬರ್ 1ರಂದು ಫ್ಲೋರಿಡಾದಲ್ಲಿ ಎಪ್‌ಕಾಟ್ ಎಂಬ ಇನ್ನೊಂದು ಡಿಸ್ನಿ ಪಾರ್ಕ್ ತೆರೆದಾಗ ಅದರ ದೊಡ್ಡ ಮಂಟಪಗಳ ಹಿಂದೆ ಒಂದೊಂದು ಕಂಪನಿ ಇತ್ತು: ಇಂಧನದ ಮಂಟಪಕ್ಕೆ ಎಕ್ಸಾನ್, ವಾಹನಗಳದ್ದಕ್ಕೆ ಜನರಲ್ ಮೋಟಾರ್ಸ್, ಕೃಷಿಯದಕ್ಕೆ ಕ್ರಾಫ್ಟ್. ಕಂಪನಿ ವರ್ಷಗಟ್ಟಲೆ ಹಣ ಕೊಡುತ್ತದೆ, ಬಾಗಿಲ ಮೇಲೆ ತನ್ನ ಹೆಸರು ಬರೆಸಿಕೊಳ್ಳುತ್ತದೆ. ಒಪ್ಪಂದ ಮುಗಿದು ಕಂಪನಿ ಎದ್ದು ಹೋದರೆ ದೀಪ, ಮೋಟಾರು, ಬಣ್ಣ, ಸಂಬಳ ಎಲ್ಲವೂ ಪಾರ್ಕಿನ ತಲೆಗೆ.

ಮುಂದಿನ ವರ್ಷ ಅದೇ ದಿನ ತೆರೆದ ‘ಹೊರೈಜನ್ಸ್’ ಮಂಟಪ ಜನರಲ್ ಎಲೆಕ್ಟ್ರಿಕ್‌ನದು. ಇಪ್ಪತ್ತೊಂದನೆಯ ಶತಮಾನದಲ್ಲಿ ಒಂದು ಕುಟುಂಬ ಹೇಗೆ ಬದುಕೀತು ಎಂಬುದೇ ಅದರ ವಿಷಯ. ಸಾಲಾಗಿ ತೂಗಿಬಿಟ್ಟ ಪೆಟ್ಟಿಗೆಗಳಲ್ಲಿ ಕುಳಿತವರು ಮೊದಲು ಜೂಲ್ಸ್ ವರ್ನ್ ಕಾಲದವರು ಕಂಡ ಭವಿಷ್ಯದ ಕನಸುಗಳನ್ನು ದಾಟುತ್ತಿದ್ದರು. ಆಮೇಲೆ ಮರುಭೂಮಿಯಲ್ಲಿ ಬೆಳೆದ ಕಿತ್ತಳೆ ತೋಟ. ಅಲ್ಲಿ ಕಿತ್ತಳೆಯ ಘಮವನ್ನು ಗಾಳಿಯಲ್ಲಿ ಬಿಡುತ್ತಿದ್ದರು. ಮುಂದೆ ಸಮುದ್ರದಡಿಯ ಊರು, ಅಂತರಿಕ್ಷದ ಮನೆ. ಕೊನೆಯಲ್ಲಿ ಎದುರಿಗೆ ಮೂರು ಗುಂಡಿಗಳು. ಮರುಭೂಮಿ, ಕಡಲು, ಅಂತರಿಕ್ಷ ಈ ಮೂರರಲ್ಲಿ ಯಾವ ದಾರಿಯಿಂದ ಹಿಂದಿರುಗಬೇಕು ಎಂದು ಪೆಟ್ಟಿಗೆಯಲ್ಲಿದ್ದವರೇ ಒತ್ತಿ ತೀರ್ಮಾನಿಸಬೇಕು. ಹೆಚ್ಚು ಮತ ಬಿದ್ದ ದಾರಿಯ ಚಿತ್ರ ಆ ಪೆಟ್ಟಿಗೆಯ ಮುಂದೆ ಮಾತ್ರ ಓಡುತ್ತಿತ್ತು. ಮುಂದಿನ ಕಾಲವನ್ನು ಮಗುವೂ ಆರಿಸಬಹುದು ಎಂದು ಇಷ್ಟು ಸರಳವಾಗಿ ಹೇಳಿದ ರೈಡ್ ನನಗೆ ತಿಳಿದಂತೆ ಇನ್ನೊಂದಿಲ್ಲ.

1993ರಲ್ಲಿ ಜನರಲ್ ಎಲೆಕ್ಟ್ರಿಕ್‌ನ ಒಪ್ಪಂದ ಮುಗಿಯಿತು. 1994ರ ಕೊನೆಯಲ್ಲಿ ಹೊರೈಜನ್ಸ್ ಬಾಗಿಲು ಹಾಕಿತು. ಒಂದು ವರ್ಷದ ಬಳಿಕ ಮತ್ತೆ ತೆರೆಯಿತಾದರೂ ಅದಕ್ಕೆ ಕಾರಣ ಪಕ್ಕದ ಮಂಟಪಗಳು. ಜನರಲ್ ಮೋಟಾರ್ಸ್ ತನ್ನ ಹಳೆಯ ರೈಡನ್ನು 1996ರ ಜನವರಿಯಲ್ಲಿ ನಿಲ್ಲಿಸಿ ‘ಟೆಸ್ಟ್ ಟ್ರ್ಯಾಕ್’ ಎಂಬ ವೇಗದ ಕಾರಿನ ರೈಡ್ ಕಟ್ಟಲು ಹೊರಟಿತ್ತು. ಅಷ್ಟು ಜನರನ್ನು ಎಲ್ಲಾದರೂ ಕೂರಿಸಬೇಕಿತ್ತು. 1997ಕ್ಕೆ ಬರಬೇಕಿದ್ದ ಟೆಸ್ಟ್ ಟ್ರ್ಯಾಕ್ ತಾಂತ್ರಿಕ ತೊಡಕುಗಳಿಂದ ತಡವಾಗುತ್ತ ಹೋಯಿತು, ಹೊರೈಜನ್ಸ್ ಅಷ್ಟು ದಿನ ಬದುಕಿತು. 1998ರ ಕೊನೆಗೆ ಹೊಸ ಕಾರುಗಳು ಜನರನ್ನು ಹೊತ್ತು ಓಡತೊಡಗಿದವು. 1999ರ ಜನವರಿ 9ಕ್ಕೆ ಹೊರೈಜನ್ಸ್ ಮುಗಿಯಿತು, ಮರುವರ್ಷ ಕಟ್ಟಡವನ್ನೇ ಕೆಡವಿದರು. 2003ರಲ್ಲಿ ಆ ಜಾಗದಲ್ಲಿ ತಿರುಗುವ ಯಂತ್ರದ ‘ಮಿಷನ್: ಸ್ಪೇಸ್’ ಬಂತು. ಒಳಗೆ ವಾಂತಿ ಚೀಲಗಳನ್ನು ಇಡಬೇಕಾಯಿತು. 2006ರಲ್ಲಿ ತಿರುಗದೆ ನಿಲ್ಲುವ ಸೌಮ್ಯ ಆವೃತ್ತಿಯನ್ನೂ ಸೇರಿಸಬೇಕಾಯಿತು. ನಾಲ್ಕು ತಲೆಮಾರು ಒಟ್ಟಿಗೆ ಕುಳಿತು ಹೋಗುತ್ತಿದ್ದ ಜಾಗದಲ್ಲಿ ಅಜ್ಜಂದಿರು ಹೊರಗೆ ಬೆಂಚಿನ ಮೇಲೆ ಕಾಯತೊಡಗಿದರು.

ಯಂತ್ರಗಳ ಕಷ್ಟವನ್ನೂ ಮರೆಯಬಾರದು. ಮ್ಯಾಜಿಕ್ ಕಿಂಗ್‌ಡಮ್‌ನ ಜಲಾಂತರ್ಗಾಮಿಗಳಿಗೆ ನಾಲ್ಕು ಕೋಟಿ ಲೀಟರಿಗೂ ಹೆಚ್ಚು ನೀರಿನ ಕೊಳ ಬೇಕಿತ್ತು. ಜನ ಒಬ್ಬೊಬ್ಬರಾಗಿ ಕಿರಿದಾದ ಬಾಯಿಯಿಂದ ಮೆಟ್ಟಿಲಿಳಿಯಬೇಕಿತ್ತು, ಗಾಲಿಕುರ್ಚಿಯವರಿಗೆ ಅದು ದೂರದ ಮಾತು. 1994ರಲ್ಲಿ ಅದು ನಿಂತಾಗ ಲೆಕ್ಕ ಅರ್ಥವಾಗುವಂತಿತ್ತು. ಆದರೆ ಹಳೆಯ ಯಂತ್ರ ತೆಗೆದ ಮಾತ್ರಕ್ಕೆ ಹೊಸದು ನೆಟ್ಟಗೆ ನಡೆಯುತ್ತದೆ ಎಂಬ ಖಾತರಿಯಿಲ್ಲ. ಕ್ಯಾಲಿಫೋರ್ನಿಯಾದಲ್ಲಿ 1967ರಿಂದ ತೆವಳುತ್ತ ಸುತ್ತುತ್ತಿದ್ದ ಪೀಪಲ್‌ಮೂವರ್ ಎಂಬ ಪುಟ್ಟ ಬಂಡಿಗಳ ರೈಡನ್ನು 1995ರಲ್ಲಿ ನಿಲ್ಲಿಸಿ, ಅದೇ ಹಳಿಯ ಮೇಲೆ 1998ರಲ್ಲಿ ‘ರಾಕೆಟ್ ರಾಡ್ಸ್’ ಎಂಬ ವೇಗದ ಬಂಡಿಗಳನ್ನು ಓಡಿಸಿದರು. ವೇಗಕ್ಕೆ ತಕ್ಕಂತೆ ತಿರುವುಗಳನ್ನು ಓರೆಯಾಗಿ ಕಟ್ಟಿರಲಿಲ್ಲ. ಪ್ರತಿ ತಿರುವಿನಲ್ಲೂ ಬ್ರೇಕ್ ಹಿಡಿದು ಮತ್ತೆ ಓಡಬೇಕು, ಟೈರುಗಳು ಸವೆದುಹೋಗುತ್ತಿದ್ದವು. 2000ರಲ್ಲಿ ನಿಂತದ್ದು ಮತ್ತೆ ಓಡಲೇ ಇಲ್ಲ. ಫ್ಲೋರಿಡಾದ ಪೀಪಲ್‌ಮೂವರ್ ಮಾತ್ರ 1975ರಿಂದ ಇಂದಿನವರೆಗೂ ನಿಧಾನವಾಗಿಯೇ ಸಾಗುತ್ತಿದೆ, ಜನ ಸಾಲಿನಲ್ಲಿ ನಿಂತೇ ಹತ್ತುತ್ತಾರೆ.

ಇನ್ನೊಂದು ಕಾರಣ, ಯಾವ ಪಾತ್ರ ಮಾರುಕಟ್ಟೆಯಲ್ಲಿ ಓಡುತ್ತದೆ ಎಂಬ ಲೆಕ್ಕ. ಫ್ಲೋರಿಡಾದ ‘ಮಿಸ್ಟರ್ ಟೋಡ್ಸ್ ವೈಲ್ಡ್ ರೈಡ್’ನಲ್ಲಿ ಕುಳಿತವರ ಕಾರಿಗೆ ರೈಲು ಬಡಿದು, ನೇರ ನರಕಕ್ಕೆ ಹೋಗಿ, ಪುಟ್ಟ ಪಿಶಾಚಿಗಳ ನಡುವೆ ಪ್ರಯಾಣ ಮುಗಿಯುತ್ತಿತ್ತು. ಅದನ್ನು ತೆಗೆಯುತ್ತಾರೆಂಬ ಸುದ್ದಿ 1997ರಲ್ಲಿ ಹಬ್ಬಿದಾಗ ಅಭಿಮಾನಿಗಳು ಅಂತರಜಾಲದಲ್ಲಿ ಒಂದಾಗಿ, ಹಸಿರು ಟಿ-ಶರ್ಟ್ ಹಾಕಿಕೊಂಡು ಪಾರ್ಕಿನೊಳಗೇ ಶಾಂತ ಪ್ರತಿಭಟನೆ ನಡೆಸಿದರು. 1998ರ ಸೆಪ್ಟೆಂಬರ್ 7ಕ್ಕೆ ರೈಡ್ ಮುಚ್ಚಿತು. ಬದಲಿಗೆ ಬಂದದ್ದು ವಿನ್ನಿ ದ ಪೂ. ಗೊಂಬೆ, ಅಂಗಿ, ಲೋಟಗಳಲ್ಲೆಲ್ಲ ಆಗ ಅದೇ ಕರಡಿ. ಹೊಸ ರೈಡ್ ಒಳಗೆ ಗೂಬೆಯ ಮನೆಯ ಗೋಡೆಯ ಮೇಲೆ ಒಂದು ಚಿತ್ರ ತೂಗುಹಾಕಿದ್ದಾರೆ: ಕಪ್ಪೆರಾಯ ಟೋಡ್ ಮನೆಯ ಹಕ್ಕುಪತ್ರವನ್ನು ಗೂಬೆಯ ಕೈಗೆ ಕೊಡುತ್ತಿದ್ದಾನೆ. ಅದನ್ನು ಅಲ್ಲಿಟ್ಟ ವಿನ್ಯಾಸಕಾರರಿಗೂ ನೋವಿತ್ತು ಎಂದೇ ನಾನು ಓದಿಕೊಳ್ಳುತ್ತೇನೆ. 1955ರ ಮೂಲ ಟೋಡ್ ರೈಡ್ ಕ್ಯಾಲಿಫೋರ್ನಿಯಾದಲ್ಲಿ ಇನ್ನೂ ಓಡುತ್ತಿದೆ.

ಮುಚ್ಚಿದ್ದು ಮರಳಿ ಬಂದ ಉದಾಹರಣೆಗಳೂ ಇವೆ. ಎಪ್‌ಕಾಟ್‌ನ ಕಲ್ಪನಾ ಮಂಟಪದಿಂದ 1998ರ ಬಳಿಕ ಬಹುತೇಕ ಕಾಣೆಯಾಗಿದ್ದ ನೇರಳೆ ಡ್ರ್ಯಾಗನ್ ಫಿಗ್‌ಮೆಂಟ್‌ನನ್ನು ಜನರ ಸಿಟ್ಟಿಗೆ ಮಣಿದು 2002ರಲ್ಲಿ ವಾಪಸು ಕರೆಸಲಾಯಿತು. ಫ್ಲೋರಿಡಾದ ಟಿಕಿ ರೂಮ್‌ನ ಹಾಡುವ ಹಕ್ಕಿಗಳ ಪ್ರದರ್ಶನವನ್ನು 1998ರಲ್ಲಿ ಬದಲಿಸಿದ್ದರು. 2011ರಲ್ಲಿ ಬೆಂಕಿ ಬಿದ್ದ ಮೇಲೆ ಹಳೆಯ ಪ್ರದರ್ಶನವನ್ನೇ ಚಿಕ್ಕದಾಗಿಸಿ ಮತ್ತೆ ತಂದರು. ಎರಡೂ ಕಡೆ ಕಟ್ಟಡ ಉಳಿದಿತ್ತು, ಆದ್ದರಿಂದ ಸಾಧ್ಯವಾಯಿತು. 2025ರ ಜುಲೈನಲ್ಲಿ ಮ್ಯಾಜಿಕ್ ಕಿಂಗ್‌ಡಮ್‌ನ ಹಬೆದೋಣಿಯನ್ನೂ 1971ರಿಂದ ಹರಿಯುತ್ತಿದ್ದ ಕೃತಕ ನದಿಯನ್ನೂ ನಿಲ್ಲಿಸಿದಾಗ ಅಂಥ ದಾರಿ ಉಳಿಯಲಿಲ್ಲ. ಮಾತನಾಡುವ ಕಾರುಗಳ ಸಿನಿಮಾ ಆಧರಿಸಿದ ಹೊಸ ತಾಣಕ್ಕಾಗಿ ಕೆಲವೇ ವಾರಗಳಲ್ಲಿ ನೀರನ್ನು ಬಸಿದು ನೆಲ ಬಯಲು ಮಾಡುವ ಕೆಲಸ ಶುರುವಾಯಿತು.