ಟಂಗ್‌ಸ್ಟನ್ ಉಂಗುರ ಬಗ್ಗುವುದಿಲ್ಲ, ಒಡೆಯುತ್ತದೆ

ಮೊದಲು ಹೆಸರಿನ ಗೊಂದಲ ಮುಗಿಸೋಣ. ಅಂಗಡಿಯವರು 'ಟಂಗ್‌ಸ್ಟನ್ ರಿಂಗ್' ಎಂದು ಕೊಡುವುದು ಹೆಚ್ಚುಕಡಿಮೆ ಯಾವಾಗಲೂ ಟಂಗ್‌ಸ್ಟನ್ ಕಾರ್ಬೈಡ್. ಎರಡೂ ಒಂದೇ ಅಲ್ಲ. ಟಂಗ್‌ಸ್ಟನ್ ಅಂದರೆ ಹಳೇ ಬಲ್ಬಿನೊಳಗೆ ಬೆಳಗುತ್ತಿತ್ತಲ್ಲ, ಆ ಸುರುಳಿ ತಂತಿ. ಅದು ಶುದ್ಧ ಲೋಹ. ಕರಗಲು 3422 ಡಿಗ್ರಿ ಸೆಲ್ಸಿಯಸ್ ಬೇಕು, ಬೇರೆ ಯಾವ ಲೋಹವೂ ಇಷ್ಟು ಹಟ ಮಾಡುವುದಿಲ್ಲ. ಇದರ ಪುಡಿಗೆ ಇಂಗಾಲ ಸೇರಿಸಿ ಕಾಯಿಸಿದರೆ ಬರುವ ಬೂದು ಪುಡಿಯೇ ಕಾರ್ಬೈಡ್. ಅದರಲ್ಲಿ ಪರಮಾಣು ಎಣಿಸಿದರೆ ಟಂಗ್‌ಸ್ಟನ್, ಇಂಗಾಲ ಎರಡೂ ಸರಿಸಮ, ತೂಗಿದರೆ ಮಾತ್ರ ನೂರಕ್ಕೆ 94 ಭಾಗ ಟಂಗ್‌ಸ್ಟನ್ನೇ. ಸ್ವೀಡಿಷ್ ಭಾಷೆಯಲ್ಲಿ ಟಂಗ್‌ಸ್ಟನ್ ಅಂದರೆ 'ಭಾರದ ಕಲ್ಲು'. 1783ರಲ್ಲಿ ಸ್ಪೇನಿನ ಬೆರ್ಗಾರಾದಲ್ಲಿ ಎಲ್ಹುಯಾರ್ ಅಣ್ಣತಮ್ಮಂದಿರು ಅದಿರಿನಿಂದ ಲೋಹವನ್ನು ಬೇರೆ ಮಾಡಿದರು. ಇತಿಹಾಸ ಇಷ್ಟು ಸಾಕು.

ಕಾರ್ಬೈಡನ್ನು ನೀವು ಆಗಲೇ ನೋಡಿದ್ದೀರಿ. ಎಷ್ಟೋ ಬಾಲ್ ಪೆನ್ನುಗಳ ತುದಿಯ ಗುಂಡು ಅದರದ್ದೇ. ಗೋಡೆ ಕೊರೆಯುವ ಡ್ರಿಲ್ ಬಿಟ್ಟಿನ ಮೂತಿಯಲ್ಲಿ ಬೆಸೆದಿರುವ ಸಣ್ಣ ತುಂಡೂ ಅದೇ. ಲೇತ್ ಕೆಲಸದವರು ಅದನ್ನು 'ವಿಡಿಯಾ' ಅನ್ನುತ್ತಾರೆ. ಅದು ಜರ್ಮನಿಯ ಕ್ರುಪ್ ಕಂಪನಿ 1920ರ ದಶಕದಲ್ಲಿ ಇಟ್ಟ ಹೆಸರು, 'ವಜ್ರದ ಹಾಗೆ' ಎಂಬುದರ ಮೊಟಕು ರೂಪ. ಬೆಂಗಳೂರಿನ ತುಮಕೂರು ರಸ್ತೆಯ ವಿಡಿಯಾ ಫ್ಯಾಕ್ಟರಿ, ಈಗ ಕೆನ್ನಾಮೆಟಲ್ ಆಗಿರುವುದು, ಈ ಹೆಸರನ್ನೇ ಹೊತ್ತಿತ್ತು.

ನಾನು ಪುಸ್ತಕ ಓದಿ ಕಲಿತದ್ದಕ್ಕಿಂತ ಪೀಣ್ಯದ ಒಂದು ಸಣ್ಣ ವರ್ಕ್‌ಶಾಪಿನಲ್ಲಿ ಅರ್ಧ ಗಂಟೆಯಲ್ಲಿ ಕಲಿತದ್ದೇ ಜಾಸ್ತಿ. ಬಳಸಿ ಬಿಸಾಡಿದ ಒಂದು ಕಾರ್ಬೈಡ್ ತುಂಡು ಕೇಳಿ ತಗೊಂಡೆ. ವೈಸಿಗೆ ಕಚ್ಚಿಸಿ ಅರ ಹಾಕಿದೆ. ಅರ ಜಾರಿತು, ತುಂಡಿನ ಮೇಲೆ ಹೊಳೆಯುವ ಒಂದು ಗೆರೆ ಬಿತ್ತು. ಗೀರು ಬಿತ್ತಲ್ಲ, ಕಾರ್ಬೈಡಿಗೆ ಗೀರು ಬೀಳಲ್ಲ ಅನ್ನೋದೆಲ್ಲ ಸುಳ್ಳು ಅಂದುಕೊಂಡೆ. ಮೇಸ್ತ್ರಿ ನಕ್ಕರು. "ಅದು ಗೀರಲ್ಲಮ್ಮಾ, ನಿನ್ ಅರದ ಉಕ್ಕು ಅಂಟ್ಕೊಂಡಿರೋದು. ಉಜ್ಜು, ಹೋಗ್ತದೆ" ಅಂದರು. ಉಜ್ಜಿದೆ, ಹೋಯಿತು. ಆಮೇಲೆ ಕನ್ನಡಕ ಹಾಕಿಸಿ, ಬಟ್ಟೆ ಮುಚ್ಚಿಸಿ, ಸುತ್ತಿಗೆ ಕೊಟ್ಟರು. ಒಂದೇ ಏಟು. ಬಟ್ಟೆ ತೆಗೆದರೆ ಕಲ್ಲುಸಕ್ಕರೆ ಒಡೆದ ಹಾಗೆ ಮೂರು ಚೂರು.

ಗಟ್ಟಿತನ ಬೇರೆ, ತಾಳಿಕೆ ಬೇರೆ ಎಂದು ಪಾಠದಲ್ಲಿ ಬರುತ್ತದಲ್ಲ, ಅದು ನನಗೆ ಅರ್ಥವಾದದ್ದು ಅವತ್ತು. ಗೀರು ತಡೆಯುವ ಗಟ್ಟಿತನಕ್ಕೆ ಮೋಸ್ ಎಂಬ ಅಳತೆಯಿದೆ, ವಜ್ರಕ್ಕೆ ಅದರಲ್ಲಿ 10. ಚಿನ್ನ 2.5ರಿಂದ 3. ರಸ್ತೆ ಧೂಳಿನಲ್ಲಿರುವ ಮರಳು 7, ಅದಕ್ಕೇ ಚಿನ್ನದ ಉಂಗುರ ಸುಮ್ನೆ ಹಾಕಿಕೊಂಡಿದ್ದರೂ ಮಂಕಾಗುತ್ತದೆ. ಕಾರ್ಬೈಡ್ ಸುಮಾರು 9, ಮೇಲಿರುವುದು ವಜ್ರದಂಥ ಕೆಲವೇ ವಸ್ತು. ಒರೆಗಲ್ಲಿಗೆ ಉಜ್ಜಿದರೆ ಸವೆಯುವುದು ಉಂಗುರವಲ್ಲ, ಕಲ್ಲು! ಆದರೆ ಏಟು ಬಿದ್ದರೆ ಚಿನ್ನ ಸೊಟ್ಟಗಾಗಿ ಉಳಿದುಕೊಳ್ಳುತ್ತದೆ, ಇದು ಬಿರುಕು ಬಿಡುತ್ತದೆ. ಗ್ರಾನೈಟ್ ನೆಲದ ಬಚ್ಚಲಲ್ಲಿ ಬೆರಳಿಂದ ಜಾರಿ ಬಿದ್ದರೂ ಸಾಕು ಕೆಲವೊಮ್ಮೆ.

ಮಾಡುವ ರೀತಿ ಗೊತ್ತಾದರೆ ಉಳಿದದ್ದೆಲ್ಲ ತಾನಾಗಿ ಬರುತ್ತದೆ, ಹಾಗಾಗಿ ಇಲ್ಲಿ ಸ್ವಲ್ಪ ನಿಲ್ಲಿ. ಅಕ್ಕಸಾಲಿ ಮೂಸೆಯಲ್ಲಿ ಚಿನ್ನ ಕರಗಿಸಿ, ಬಡಿದು, ಎಳೆದು, ಬೆಸೆದು ಒಡವೆ ಮಾಡುತ್ತಾನೆ. ಕಾರ್ಬೈಡಿಗೆ ಆ ದಾರಿಯಿಲ್ಲ. ಪುಡಿಗೆ ನಿಕಲ್ ಅಥವಾ ಕೋಬಾಲ್ಟ್ ಪುಡಿ ಸ್ವಲ್ಪ ಬೆರೆಸಿ ಅಚ್ಚಿನಲ್ಲಿ ಒತ್ತುತ್ತಾರೆ. ಆಗ ಬರುವ ಉಂಗುರ ಸೀಮೆಸುಣ್ಣದ ಹಾಗೆ, ಉಗುರಲ್ಲಿ ಕೆರೆದರೂ ಉದುರುತ್ತದೆ. ಆಮೇಲೆ ಗಾಳಿಯಿಲ್ಲದ ಕುಲುಮೆಯಲ್ಲಿ ಸುಮಾರು 1400 ಡಿಗ್ರಿಗೆ ಕಾಯಿಸುತ್ತಾರೆ. ಕಾರ್ಬೈಡ್ ಕರಗುವುದಿಲ್ಲ, ನಿಕಲ್ ಕರಗಿ ಕಣಗಳ ನಡುವೆ ಹರಿದು ಗಾರೆಯ ಹಾಗೆ ಹಿಡಿದುಕೊಳ್ಳುತ್ತದೆ. ಈ ಹೊತ್ತಿನಲ್ಲಿ ಉಂಗುರ ಸುಮಾರು ಐದರಲ್ಲೊಂದು ಭಾಗ ಕುಗ್ಗುತ್ತದೆ. 20 ಮಿಲಿಮೀಟರ್ ಬೇಕಿದ್ದರೆ ಸುಮಾರು 25ಕ್ಕೆ ಒತ್ತಬೇಕು. ಕುಲುಮೆಯಿಂದ ಬಂದ ಮೇಲೆ ಅದನ್ನು ಮುಟ್ಟಲು ವಜ್ರದ ಪುಡಿಯ ಚಕ್ರವೇ ಬೇಕು.

ಅಂದರೆ ವಿನ್ಯಾಸವೆಲ್ಲ ಕುಲುಮೆಗೆ ಮುಂಚೆಯೇ ಮುಗಿದಿರಬೇಕು. ಆಮೇಲೆ ತಿದ್ದುಪಡಿ ಇಲ್ಲ. ಬೆರಳು ದಪ್ಪವಾಯಿತು, ಸೈಜ್ ಹೆಚ್ಚಿಸಿ ಅಂದರೆ ಆಗುವುದಿಲ್ಲ, ಹೊಸ ಉಂಗುರವೇ ಗತಿ. ಹರಳು ಹಿಡಿಸಲು ಹಲ್ಲು ಬಗ್ಗಿಸುವ ಮಾತೇ ಇಲ್ಲ, ಬಗ್ಗಿಸಿದರೆ ಮುರಿಯುತ್ತದೆ. ಗುಳಿ ಮಾಡಿ ಅಂಟಿಸಬೇಕು, ಇಲ್ಲ ಬೇರೆ ಲೋಹದ ಪುಟ್ಟ ಬಟ್ಟಲನ್ನು ಕೂರಿಸಬೇಕು. ಹೆಸರು ಕೆತ್ತಲು ಲೇಸರ್. ಇದಕ್ಕೇ ಅಂಗಡಿಯಲ್ಲಿ ಕಾಣುವುದೆಲ್ಲ ಅಗಲದ ಪಟ್ಟಿ, ನಡುವೆ ಒಂದು ತೋಡು, ಅದರಲ್ಲಿ ಮರವೋ ಕಾರ್ಬನ್ ಫೈಬರೋ. ಬೇರೆ ಯೋಚನೆ ಬರಲಿಲ್ಲ ಅಂತಲ್ಲ, ವಸ್ತು ಬಿಡುವುದಿಲ್ಲ. ಇನ್ನು ಕಪ್ಪು ಬಣ್ಣದ್ದು ಮೇಲಿನ ತೆಳು ಲೇಪ ಅಷ್ಟೇ. ಕಾರ್ಬೈಡಿಗೆ ಗೀರು ಬೀಳದಿದ್ದರೂ ಲೇಪ ಕಿತ್ತು ಒಳಗಿನ ಬೂದು ಕಾಣಬಹುದು. 'ಗೀರೇ ಬೀಳಲ್ಲ' ಎಂಬ ಜಾಹೀರಾತು ನಂಬಿ ಕಪ್ಪು ಉಂಗುರ ತಗೊಂಡವರ ಕೋಪ ನ್ಯಾಯವಾದದ್ದೇ.

ಗಾರೆ ಯಾವುದು ಎಂದು ಕೇಳದೆ ಕೊಳ್ಳಬೇಡಿ. ಲೇತ್ ತುಂಡುಗಳಿಗೆ ಕೋಬಾಲ್ಟ್ ಒಳ್ಳೆಯದು, ಬೆರಳಿಗೆ ಅಲ್ಲ. ಬೆವರು ತಾಗಿ ಮಂಕಾಗುತ್ತದೆ, ಕೆಲವರ ಚರ್ಮಕ್ಕೂ ಒಗ್ಗುವುದಿಲ್ಲ. ಅದಕ್ಕೆ ಒಡವೆಗೆ ನಿಕಲ್ ಬಳಸುತ್ತಾರೆ. ಹಾಗಂತ ನಿಕಲ್ ಅಲರ್ಜಿ ಇದ್ದವರು ಇದನ್ನೂ ಯೋಚಿಸಿ ಹಾಕಿಕೊಳ್ಳಬೇಕು.

ಈ ವಸ್ತುವಿನ ಸ್ವಭಾವ ಅರಿತು ಮಾಡಿದ ವಿನ್ಯಾಸ ಬೇಕೆಂದರೆ 1962ರ ರಾಡೋ ಡಯಾಸ್ಟಾರ್ ವಾಚ್ ನೋಡಿ. ಗಲ್ಫ್‌ನಲ್ಲಿದ್ದ ನಮ್ಮ ಮಾವನ ಕೈಯಲ್ಲಿ ಒಂದಿತ್ತು. ಗಾಜಿನ ಸುತ್ತ ದಪ್ಪ ಮೊಟ್ಟೆಯಾಕಾರದ ಕಾರ್ಬೈಡ್ ಕವಚ. ಚೂಪು ಮೂಲೆ ಇಲ್ಲ, ಸಣ್ಣ ಕುಸುರಿ ಇಲ್ಲ, ಬಗ್ಗಬೇಕಾದ ಭಾಗ ಒಂದೂ ಇಲ್ಲ. ಬೆಳಕು ಹೊರಳುವ ಬರೀ ಮೈ. ನನ್ನ ಪ್ರಕಾರ ಈವತ್ತಿನ ಹತ್ತು ಉಂಗುರಗಳಿಗಿಂತ ಅದು ಮೇಲು.

ತೂಕದ ವಿಚಾರ ಸ್ವಲ್ಪ ತಮಾಷೆಯಾಗಿದೆ. 22 ಕ್ಯಾರೆಟ್‌ನ 4 ಗ್ರಾಂ ಉಂಗುರವನ್ನು ಅದೇ ಅಳತೆಯಲ್ಲಿ ಕಾರ್ಬೈಡಿನಲ್ಲಿ ಮಾಡಿದರೆ ಸುಮಾರು 3.3 ಗ್ರಾಂ, ಟೈಟಾನಿಯಂನಲ್ಲಿ ಬರೀ 1 ಗ್ರಾಂ. ಶುದ್ಧ ಟಂಗ್‌ಸ್ಟನ್ ಆದರೆ ಅಪರಂಜಿಗೆ ಹತ್ತಿರ ಹತ್ತಿರ ಸಮ: ಒಂದು ಘನ ಸೆಂಟಿಮೀಟರಿಗೆ ಇದು 19.25 ಗ್ರಾಂ, ಅದು 19.3. ಕಳ್ಳರಿಗೆ ಇದು ಚೆನ್ನಾಗಿ ಗೊತ್ತು. 2012ರಲ್ಲಿ ನ್ಯೂಯಾರ್ಕ್‌ನ ಮ್ಯಾನ್‌ಹಟ್ಟನ್‌ನಲ್ಲಿ ಒಳಗೆ ಟಂಗ್‌ಸ್ಟನ್ ತುಂಬಿದ 10 ಔನ್ಸ್ ಚಿನ್ನದ ಗಟ್ಟಿ ಸಿಕ್ಕಿತು. ನೀರಲ್ಲಿ ಮುಳುಗಿಸಿ ತೂಗಿದರೆ ಇದು ಸಿಕ್ಕಿಬೀಳುವುದು ಕಷ್ಟ, ಒಳಗೆ ಶಬ್ದ ಹಾಯಿಸಿ ನೋಡಬೇಕು, ಟಂಗ್‌ಸ್ಟನ್‌ನಲ್ಲಿ ಅದು ಚಿನ್ನದಲ್ಲಿಗಿಂತ ಬೇಗ ಓಡುತ್ತದೆ. ನಮ್ಮ ಕೋಲಾರದ ಗಣಿಯಲ್ಲೂ ಚಿನ್ನದ ಅದಿರಿನ ಜೊತೆ ಷೀಲೈಟ್ ಎಂಬ ಟಂಗ್‌ಸ್ಟನ್ ಖನಿಜ ಇತ್ತು. ಅಲ್ಲಿ ಮೋಸ ಏನಿಲ್ಲ, ನೆಲದೊಳಗಿನ ನೆರೆಹೊರೆ ಅಷ್ಟೇ.

ಕೊನೆಗೆ ಎಲ್ಲರೂ ಕೇಳುವ ಪ್ರಶ್ನೆ, ಬೆರಳು ಊದಿಕೊಂಡು ಉಂಗುರ ಸಿಕ್ಕಿಹಾಕಿಕೊಂಡರೆ? ಚಿನ್ನ ಕತ್ತರಿಸುವ ಸಣ್ಣ ಗರಗಸ ಇಲ್ಲಿ ನಡೆಯುವುದಿಲ್ಲ. ಆದರೆ ಬೆರಳು ಕಳೆದುಕೊಳ್ಳಬೇಕು ಎಂಬುದು ಸುಳ್ಳು ಸುದ್ದಿ. ಕಣ್ಣಿಗೆ ರಕ್ಷಣೆ ಹಾಕಿಕೊಂಡು, ಲಾಕ್ ಆಗುವ ಪ್ಲಯರನ್ನು ಉಂಗುರದ ಮೇಲೆ ಮೆತ್ತಗೆ ಕೂರಿಸಿ, ಬಿಟ್ಟು, ತಿರುಪನ್ನು ಚೂರೇ ಚೂರು ಬಿಗಿ ಮಾಡಿ ಮತ್ತೆ ಕೂರಿಸುತ್ತಾರೆ. ಮೂರು ನಾಲ್ಕು ಸಲಕ್ಕೆ 'ಟಕ್' ಎಂದು ಒಡೆದು ಬೀಳುತ್ತದೆ. ಚಿನ್ನದ ಹಾಗೆ ಬಗ್ಗಿ ಬೆರಳನ್ನು ಒತ್ತುವುದಿಲ್ಲ. ಚೂರುಗಳನ್ನು ಬೆಸೆಯಲಾಗುವುದಿಲ್ಲ, ಗುಜರಿಯಲ್ಲಿ ಕಾರ್ಬೈಡ್ ಎಂದು ಹೇಳಿ ಕೊಡಿ. ಒಂದು ಉಂಗುರದ ತೂಕಕ್ಕೆ ಹೆಚ್ಚೇನೂ ಬರುವುದಿಲ್ಲ.