37 ಕೋಟಿ ಡಾಲರ್ ಗಳಿಸಿದ ಸಿನಿಮಾ ಸೋತದ್ದು ಹೇಗೆ?

ಪ್ರಶ್ನೆ: “ನನ್ನ ಮಗಳು ಒಂಬತ್ತನೇ ತರಗತಿಯಲ್ಲಿದ್ದಾಳೆ. ಜುಲೈ ತಿಂಗಳ ಮಳೆ ರಜೆಗಳಲ್ಲಿ ಫಿಲಿಪ್ ಪುಲ್‌ಮನ್ ಬರೆದ ‘ಹಿಸ್ ಡಾರ್ಕ್ ಮೆಟೀರಿಯಲ್ಸ್’ ಸರಣಿಯ ಮೂರೂ ಪುಸ್ತಕಗಳನ್ನು ಓದಿ ಮುಗಿಸಿದಳು. ಆಮೇಲೆ ಮೊದಲ ಪುಸ್ತಕದ ಸಿನಿಮಾ ‘ದಿ ಗೋಲ್ಡನ್ ಕಂಪಾಸ್’ ಅನ್ನು ಮನೆಯವರೆಲ್ಲ ಕೂತು ನೋಡಿದೆವು. ಎರಡನೇ ಭಾಗ ಹುಡುಕಿದರೆ ಇಲ್ಲವೇ ಇಲ್ಲ. ಖರ್ಚು 18 ಕೋಟಿ ಡಾಲರ್, ಗಳಿಕೆ 37 ಕೋಟಿ ಡಾಲರ್ ಎಂದು ಬರೆದಿದ್ದಾರೆ. ಅದರ ಪಕ್ಕದಲ್ಲೇ ಸೋತ ಚಿತ್ರ ಎಂದೂ ಬರೆದಿದ್ದಾರೆ. ಹಾಕಿದ್ದರ ಎರಡರಷ್ಟು ಬಂದರೂ ಸೋಲು ಎನ್ನುವುದು ಯಾವ ಊರಿನ ಲೆಕ್ಕ?”
— ಸೋಮವಾರಪೇಟೆಯ ಓದುಗರೊಬ್ಬರು

ಸೋಮವಾರಪೇಟೆಯವರಾದ್ದರಿಂದ ಉತ್ತರವನ್ನು ಕಾಫಿ ವ್ಯಾಪಾರಿಯ ಗೋದಾಮಿನಿಂದಲೇ ಶುರು ಮಾಡುತ್ತೇನೆ. ನೀವು ಒಣಗಿದ ರೊಬಸ್ಟಾ ಚೆರಿಯನ್ನು ಐವತ್ತು ಕಿಲೋ ಮೂಟೆಗಳಲ್ಲಿ ತುಂಬಿಕೊಂಡು ಹೋಗುತ್ತೀರಿ. ವ್ಯಾಪಾರಿ ಮೂಟೆಯಿಂದ ಒಂದಷ್ಟು ತೆಗೆದು ತೂಗುತ್ತಾನೆ, ಪುಟ್ಟ ಯಂತ್ರಕ್ಕೆ ಸುರಿದು ಸಿಪ್ಪೆ ಬಿಡಿಸುತ್ತಾನೆ, ಹೊಟ್ಟು ಹಾರಿಸಿ ಉಳಿದ ಬೀಜವನ್ನು ಮತ್ತೆ ತಕ್ಕಡಿಗೆ ಹಾಕುತ್ತಾನೆ. “ಔಟ್‌ಟರ್ನ್ 26” ಎನ್ನುತ್ತಾನೆ. ಐವತ್ತು ಕಿಲೋದಲ್ಲಿ ಬೀಜ ಇಪ್ಪತ್ತಾರು ಕಿಲೋ, ಮಿಕ್ಕಿದ್ದು ಸಿಪ್ಪೆ. ತೇವ ಹೆಚ್ಚಿದ್ದರೆ ಅದಕ್ಕೂ ಒಂದಿಷ್ಟು ಕಡಿತ. ಪಿಕಪ್ ಗಾಡಿಯಲ್ಲಿ ಹೋದ ತೂಕ ಎಷ್ಟು ಎಂಬುದನ್ನು ಊರಲ್ಲಿ ಹೇಳಿಕೊಂಡು ತಿರುಗಬಹುದು, ಬ್ಯಾಂಕಿನ ಸಾಲ ಅದರಿಂದ ತೀರುವುದಿಲ್ಲ.

ಸಿನಿಮಾದವರು ಹೇಳುವ ಒಟ್ಟು ಗಳಿಕೆ ಈ ಚೆರಿಯ ತೂಕ. ನಮ್ಮಲ್ಲಿ ಅದನ್ನು ಗ್ರಾಸ್ ಎನ್ನುತ್ತಾರೆ: ಪ್ರೇಕ್ಷಕ ಟಿಕೆಟ್ ಕಿಟಕಿಯಲ್ಲಿ ಕೊಟ್ಟ ಪೂರ್ತಿ ಹಣ. ಜಿಎಸ್‌ಟಿ ಕಳೆದರೆ ನೆಟ್. ಚಿತ್ರಮಂದಿರದವರು ತಮ್ಮ ಪಾಲನ್ನೋ ವಾರದ ಬಾಡಿಗೆಯನ್ನೋ ಹಿಡಿದುಕೊಂಡು ಬಿಟ್ಟದ್ದು ಶೇರ್. ವಿತರಕ ತನ್ನ ಕಮಿಷನ್ ಮುರಿದುಕೊಂಡ ಮೇಲೆ ನಿರ್ಮಾಪಕನಿಗೆ. ಅಮೆರಿಕದಲ್ಲೂ ಹೆಸರುಗಳು ಬೇರೆ, ಸಿಪ್ಪೆ ಅದೇ. ಅಲ್ಲಿನ ಚಿತ್ರಮಂದಿರಗಳು ಹೆಚ್ಚುಕಡಿಮೆ ಅರ್ಧ ಇಟ್ಟುಕೊಳ್ಳುತ್ತವೆ, ಹೊರದೇಶಗಳಲ್ಲಿ ಸ್ಟುಡಿಯೋ ಕೈಗೆ ಬರುವುದು ಅರ್ಧಕ್ಕಿಂತಲೂ ಕಡಿಮೆ. ಇನ್ನು ಆ 18 ಕೋಟಿ ಚಿತ್ರ ತಯಾರಿಸಿದ ಖರ್ಚು ಮಾತ್ರ. ಜಾಹೀರಾತು, ಪ್ರಚಾರ, ಊರೂರಿಗೆ ಚಿತ್ರ ಮುಟ್ಟಿಸುವ ವೆಚ್ಚ ಅದರಲ್ಲಿ ಸೇರಿಲ್ಲ. ದೊಡ್ಡ ಚಿತ್ರಗಳಿಗೆ ಈ ಬಾಬತ್ತು ಕೂಡ ಕೋಟಿಗಟ್ಟಲೆ ಡಾಲರ್. ಹಾಕಿದ ಬಂಡವಾಳದ ಎರಡೂವರೆ ಪಟ್ಟು ಗ್ರಾಸ್ ಬಂದರೆ ದಡ ಸೇರಿದಂತೆ ಎಂದು ಸಿನಿಮಾ ವ್ಯಾಪಾರದವರು ಅಂದಾಜು ಕಟ್ಟುವುದು ಇದಕ್ಕೇ. ನಿಮ್ಮ ಮಗಳ ಚಿತ್ರ ಆ ಗೆರೆ ಮುಟ್ಟಲಿಲ್ಲ.

ಅಷ್ಟೇ ಆಗಿದ್ದರೆ ಅದು ಸಣ್ಣ ಸೋಲು. ನಿಜವಾದ ಪೆಟ್ಟು ಬಿದ್ದದ್ದು ಬೇರೆ ಕಡೆ. 37 ಕೋಟಿಯಲ್ಲಿ ಅಮೆರಿಕದ ಪಾಲು ಕೇವಲ 7 ಕೋಟಿ, ಉಳಿದ 30 ಕೋಟಿ ಹೊರದೇಶಗಳದ್ದು. ಆದರೆ ಚಿತ್ರ ತೆಗೆದ ನ್ಯೂ ಲೈನ್ ಸಂಸ್ಥೆ ಬಂಡವಾಳ ಹೊಂದಿಸಲು ಹೊರದೇಶಗಳ ಹಕ್ಕನ್ನು ಅಲ್ಲಲ್ಲಿನ ವಿತರಕರಿಗೆ ಮೊದಲೇ ಮಾರಿತ್ತು. ನಮ್ಮಲ್ಲಿ ಮರದ ಮೇಲಿನ ಕರಿಮೆಣಸನ್ನು ಕೊಯ್ಲಿಗೆ ಮೊದಲೇ ಗುತ್ತಿಗೆಗೆ ಕೊಡುವುದಿಲ್ಲವೇ, ಹಾಗೆ. ಮುಂಗಡ ಕೈಗೆ ಬರುತ್ತದೆ, ಆಳಿನ ಚಿಂತೆ ಇರುವುದಿಲ್ಲ. ಆಮೇಲೆ ಬೆಲೆ ಏರಿದರೆ, ಬಳ್ಳಿ ಜಗ್ಗುವಷ್ಟು ಫಸಲು ಬಂದರೆ, ಏಣಿ ಹಾಕಿ ಕೊಯ್ಯುವವನು ಗುತ್ತಿಗೆದಾರ. ನಾವು ಅಂಗಳದಲ್ಲಿ ನಿಂತು ನೋಡಬೇಕು. ಮುಂಗಡ ಖರ್ಚಿನ ಒಂದು ಭಾಗವನ್ನು ಹೊತ್ತದ್ದು ನಿಜ. ಆದರೆ ಹೊರಗೆ ಚಿತ್ರ ಚೆನ್ನಾಗಿ ಓಡಿದ್ದರ ಲಾಭ ಅದನ್ನು ತೆಗೆದವರಿಗೆ ಸೇರಲಿಲ್ಲ, ಅಮೆರಿಕದ 7 ಕೋಟಿಯಲ್ಲಿ ಅರ್ಧ ಚಿತ್ರಮಂದಿರಗಳಿಗೆ ಹೋಯಿತು. ಚಿತ್ರ ಬಂದದ್ದು 2007ರ ಡಿಸೆಂಬರ್‌ನಲ್ಲಿ. 2008ರಲ್ಲಿ ನ್ಯೂ ಲೈನ್ ತನ್ನ ಸ್ವತಂತ್ರ ಅಸ್ತಿತ್ವ ಕಳೆದುಕೊಂಡು ವಾರ್ನರ್ ಬ್ರದರ್ಸ್ ಒಳಗೆ ಸೇರಿಹೋಯಿತು. ಇದೊಂದೇ ಕಾರಣವಲ್ಲ, ಆದರೆ ಎರಡನೇ ಭಾಗ ತೆಗೆಯಲು ಮನೆಯೇ ಉಳಿಯಲಿಲ್ಲ ಎನ್ನಬಹುದು.

ಇಲ್ಲಿಗೆ ನಿಮ್ಮ ಲೆಕ್ಕದ ಪ್ರಶ್ನೆ ಮುಗಿಯಿತು. ಆದರೆ ಮಗಳು ನಿಮ್ಮನ್ನು ಕೇಳಿರಬಹುದಾದ ಇನ್ನೊಂದು ಪ್ರಶ್ನೆ ಇದೆ: ಪುಸ್ತಕ ಓದಿದ ಅಷ್ಟೊಂದು ಜನ ಇದ್ದರೂ ಅಮೆರಿಕದಲ್ಲಿ ಏಕೆ ಓಡಲಿಲ್ಲ?

ಪುಲ್‌ಮನ್ ಲೋಕದಲ್ಲಿ ಪ್ರತಿಯೊಬ್ಬ ಮನುಷ್ಯನ ಆತ್ಮ ಒಂದು ಪ್ರಾಣಿಯ ರೂಪದಲ್ಲಿ ಅವನ ಪಕ್ಕದಲ್ಲೇ ಓಡಾಡುತ್ತದೆ. ಅದರ ಹೆಸರು ಡೀಮನ್. ಮಕ್ಕಳ ಡೀಮನ್ ಗಳಿಗೆಗೊಂದು ರೂಪ ತಾಳುತ್ತದೆ, ಈಗ ಪತಂಗ, ಇನ್ನೊಂದು ಕ್ಷಣಕ್ಕೆ ಬೆಕ್ಕು. ಲೇಖಕನಿಗೆ ಇದು ಒಂದು ವಾಕ್ಯದ ಖರ್ಚು. ಸಂತೆಯಲ್ಲಿ ಇನ್ನೂರು ಜನರಿದ್ದರು ಎಂದು ಅವನು ಬರೆದರೆ ಇನ್ನೂರು ಪ್ರಾಣಿಗಳನ್ನು ಓದುಗನೇ ಪುಕ್ಕಟೆಯಾಗಿ ಕಲ್ಪಿಸಿಕೊಳ್ಳುತ್ತಾನೆ. ಸಿನಿಮಾದವನು ಅವನ್ನು ಒಂದೊಂದಾಗಿ ಕಂಪ್ಯೂಟರಿನಲ್ಲಿ ಹುಟ್ಟಿಸಬೇಕು, ರೋಮ ಅಂಟಿಸಬೇಕು, ನೆರಳು ಬೀಳಿಸಬೇಕು. ಅದರ ಮೇಲೆ ಕವಚ ತೊಟ್ಟು ಮಾತನಾಡುವ ಹಿಮಕರಡಿಗಳು ಬೇರೆ. ಕೆಲಸ ಕೆಟ್ಟದಾಗಿರಲಿಲ್ಲ, ದೃಶ್ಯ ಪರಿಣಾಮಕ್ಕೆ ಆ ಚಿತ್ರಕ್ಕೆ ಆಸ್ಕರ್ ಬಂತು. ಆದರೆ ಬಿಲ್ಲೂ ಬಂತು. ಗಂಡ, ಹೆಂಡತಿ, ಅತ್ತೆಯ ಕಥೆಗೆ ಒಂದು ಮನೆ, ಒಂದು ಹಜಾರ ಸಾಕು. ಈ ಜಾತಿಯ ಕಥೆಗೆ ಮೊದಲ ದೃಶ್ಯದಿಂದಲೇ ಮೀಟರ್ ಓಡತೊಡಗುತ್ತದೆ.

ಬಿಲ್ಲು ದೊಡ್ಡದಾದ ಕೂಡಲೇ ಓದುಗರು ಸಾಲುವುದಿಲ್ಲ. ಒಮ್ಮೆ ತಂಗಿಯ ಮಗನ ಕಾಟ ತಾಳಲಾರದೆ ನಾವು ಐದು ಜನ ಮಡಿಕೇರಿಯಿಂದ ಮೈಸೂರಿಗೆ ಇಂಥದೇ ಒಂದು ಸಿನಿಮಾ ನೋಡಲು ಹೋಗಿದ್ದೆವು. ಹೋಗುವುದಕ್ಕೇ ನೂರಿಪ್ಪತ್ತು ಕಿಲೋಮೀಟರ್, ಡೀಸೆಲ್, ಐದು ಟಿಕೆಟ್, ಜೋಳದ ಪುರಿಗೆ ತೆತ್ತ ದಂಡ, ರಾತ್ರಿ ಊಟ. ಐವರಲ್ಲಿ ಪುಸ್ತಕ ಓದಿದವನು ಅವನೊಬ್ಬನೇ. ಪರದೆಯ ಮೇಲೆ ಮೂರು ರಾಜ್ಯ, ಏಳು ಹೆಸರು, ಒಂದು ಶಾಪ ಬಂದುಹೋಗುವಷ್ಟರಲ್ಲಿ ನನ್ನ ಭಾವ ಕಿವಿಯ ಬಳಿ ಬಗ್ಗಿ ಕೇಳಿದರು, “ಈ ಹುಡುಗ ಯಾವ ಮನೆಯವನು?” ಕೊಡಗಿನವರ ಸಹಜ ಪ್ರಶ್ನೆ. ಯಾವ ಮನೆತನ, ಯಾವ ಊರು, ಯಾರ ಮಗ ಎಂದು ತಿಳಿಯದೆ ನಾವು ಯಾರ ಕಷ್ಟಕ್ಕೂ ಕಣ್ಣೀರು ಹಾಕುವುದಿಲ್ಲ. ಪುಸ್ತಕದಲ್ಲಿ ಅದನ್ನು ತಿಳಿಸಲು ಐವತ್ತು ಪುಟ ಇರುತ್ತವೆ, ಸಿನಿಮಾದಲ್ಲಿ ಹತ್ತು ನಿಮಿಷ. ಅಷ್ಟರಲ್ಲಿ ಹೇಳಹೊರಟರೆ ಪಾಠ ಒಪ್ಪಿಸಿದಂತೆ ಆಗುತ್ತದೆ, ಹೇಳದೆ ಬಿಟ್ಟರೆ ಭಾವನಂಥವರು ಮಧ್ಯಂತರದ ಹೊತ್ತಿಗೆ ನಿದ್ದೆ ಹೋಗುತ್ತಾರೆ. ಅವರು ಹೋದರು ಕೂಡ.

ಮನೆಗೊಬ್ಬ ಓದುಗ, ಮಾರಬೇಕಾದದ್ದು ಐದು ಟಿಕೆಟ್. ಸ್ಟುಡಿಯೋದವರ ಕೈ ನಡುಗುವುದು ಇಲ್ಲಿ. ಓದದ ನಾಲ್ವರನ್ನು ಒಳಗೆ ಕರೆಯಲು ಅವರು ಕಥೆಯ ಮೊನಚನ್ನು ಉಜ್ಜತೊಡಗುತ್ತಾರೆ. ಪುಲ್‌ಮನ್ ಪುಸ್ತಕದಲ್ಲಿ ಧರ್ಮಾಧಿಕಾರದ ಮೇಲೆ ನೇರ ದಾಳಿ ಇದೆ. ಸಿನಿಮಾದಲ್ಲಿ ಅದನ್ನು ತೆಳುವಾಗಿಸಿದರು. ಫಲ ಏನೆಂದರೆ, ಅಮೆರಿಕದ ಕ್ಯಾಥೊಲಿಕ್ ಸಂಘಟನೆಯೊಂದು ಚಿತ್ರವನ್ನು ಬಹಿಷ್ಕರಿಸಿ ಎಂದು ಹೇಗೂ ಕರೆ ಕೊಟ್ಟಿತು, ಪುಸ್ತಕ ಪ್ರೀತಿಸಿದವರು ಜೀವವನ್ನೇ ತೆಗೆದಿದ್ದಾರೆ ಎಂದು ಮುನಿಸಿಕೊಂಡರು.

(ಈ ಪ್ಯಾರಾವನ್ನು ಪುಸ್ತಕ ಓದದವರು ಹಾರಿಸಿಬಿಡಿ.) ಮೊದಲ ಪುಸ್ತಕದ ಕೊನೆ ನಿಮ್ಮ ಮಗಳಿಗೆ ನೆನಪಿರುತ್ತದೆ. ಕಥಾನಾಯಕಿ ಲೈರಾ ತನ್ನ ಗೆಳೆಯ ರೋಜರ್‌ನನ್ನು ಕಾಪಾಡಿಕೊಂಡು ಅಷ್ಟು ದೂರ ಬರುತ್ತಾಳೆ. ಬಂದು ಸೇರಿದ ಜಾಗದಲ್ಲೇ ಅವಳ ಅಪ್ಪ ಇನ್ನೊಂದು ಲೋಕದ ದಾರಿ ತೆರೆಯಲು ಆ ಹುಡುಗನನ್ನು ಬಲಿ ಕೊಡುತ್ತಾನೆ. ಅವನನ್ನು ಅಲ್ಲಿಗೆ ಕರೆತಂದವಳು ತಾನೇ ಎಂಬ ಸಂಕಟ ಅವಳನ್ನು ಮುಂದಿನ ಎರಡು ಪುಸ್ತಕಗಳಿಗೂ ನಡೆಸುತ್ತದೆ. ಸಿನಿಮಾದವರು ಈ ಭಾಗವನ್ನು ಚಿತ್ರೀಕರಿಸಿದ್ದರು. ಆಮೇಲೆ ತೆಗೆದುಹಾಕಿ ಎರಡನೇ ಭಾಗಕ್ಕೆ ಇರಲಿ ಎಂದು ಎತ್ತಿಟ್ಟರು. ತೆರೆಗೆ ಬಂದ ಚಿತ್ರ ಮಕ್ಕಳಿಬ್ಬರೂ ನಗುನಗುತ್ತ ಆಕಾಶದಲ್ಲಿ ಸಾಗುವಲ್ಲಿಗೆ ಮುಗಿಯುತ್ತದೆ. ಬೀಜಕ್ಕೆಂದು ಇಟ್ಟ ಭತ್ತವನ್ನೇ ಕುಟ್ಟಿ ಅನ್ನ ಮಾಡಿದಂತಾಯಿತು ಎನ್ನೋಣವೆಂದರೆ, ಅದಕ್ಕಿಂತಲೂ ಕೆಟ್ಟದು: ಪತ್ತಾಯದಲ್ಲೇ ಬಿಟ್ಟು ಬೀಗದ ಕೈ ಕಳೆದುಕೊಂಡರು. ಎರಡನೇ ಭಾಗವೂ ಬರಲಿಲ್ಲ, ಆ ಕೊನೆಯೂ ಬರಲಿಲ್ಲ.

ಇದೇ ನ್ಯೂ ಲೈನ್ ಕೆಲವೇ ವರ್ಷಗಳ ಹಿಂದೆ ‘ದಿ ಲಾರ್ಡ್ ಆಫ್ ದಿ ರಿಂಗ್ಸ್’ ತೆಗೆದು ಗೆದ್ದಿತ್ತು ಎನ್ನುವುದು ಸೋಜಿಗ. ಅಲ್ಲೂ ಹೊರದೇಶದ ಹಕ್ಕುಗಳನ್ನು ಮುಂಚೆಯೇ ಮಾರಿದ್ದರು. ಆದರೆ ಮೂರೂ ಚಿತ್ರಗಳನ್ನು ನ್ಯೂಜಿಲೆಂಡ್‌ನಲ್ಲಿ ಒಟ್ಟಿಗೇ ಚಿತ್ರೀಕರಿಸಿದರು, ಖರ್ಚು ಮೂರಕ್ಕೂ ಸೇರಿ ಸುಮಾರು 28 ಕೋಟಿ ಡಾಲರ್. ಕತ್ತಿ, ಕವಚ, ಊರು ಎಲ್ಲವನ್ನೂ ಒಮ್ಮೆ ಮಾಡಿಕೊಂಡರೆ ಮೂರು ಚಿತ್ರಗಳಿಗೆ ಸಾಕಾಯಿತು. ಮುಂದಿನ ಭಾಗ ಬಂದೇ ಬರುತ್ತದೆ ಎಂಬ ಧೈರ್ಯ ಇದ್ದುದರಿಂದ ಮೊದಲ ಚಿತ್ರವನ್ನು ದಾರಿಯ ನಡುವೆಯೇ, ಗುಂಪು ಒಡೆದು ಚದುರಿದಲ್ಲಿ, ನಿಲ್ಲಿಸಲು ಅಂಜಲಿಲ್ಲ. ಪುಸ್ತಕದಲ್ಲಿದ್ದ ಟಾಮ್ ಬಾಂಬಡಿಲ್ ಎಂಬ ಇಡೀ ಪಾತ್ರವನ್ನೇ ಬಿಟ್ಟರು. ಓದುಗರು ಗೊಣಗಿದರು, ಆದರೆ ಹೊರಟ ದಾರಿ ತಪ್ಪಲಿಲ್ಲ. ಎಲ್ಲದಕ್ಕೂ ಕಂಪ್ಯೂಟರ್ ಮೊರೆ ಹೋಗಲಿಲ್ಲ. ಎತ್ತರದ ಮಾಂತ್ರಿಕ ಗ್ಯಾಂಡಾಲ್ಫ್ ಪಕ್ಕದಲ್ಲಿ ಕುಳ್ಳ ಫ್ರೋಡೊ ಗಾಡಿಯಲ್ಲಿ ಕೂತ ದೃಶ್ಯವನ್ನು ಗಮನವಿಟ್ಟು ನೋಡಿ. ಇಬ್ಬರೂ ಅಕ್ಕಪಕ್ಕ ಕೂತಿಲ್ಲ. ಒಬ್ಬನ ಆಸನ ಕ್ಯಾಮೆರಾಕ್ಕೆ ಹತ್ತಿರ, ಇನ್ನೊಬ್ಬನದು ಹಿಂದೆ. ಬಡಗಿಯ ಕೈಚಳಕ, ಅಷ್ಟೇ. 2003ರಲ್ಲಿ ಬಂದ ಮೂರನೇ ಭಾಗ ಒಂದೇ 110 ಕೋಟಿ ಡಾಲರ್‌ಗೂ ಹೆಚ್ಚು ಗಳಿಸಿತು, 11 ಆಸ್ಕರ್ ಪಡೆಯಿತು.

ಆ ಗೆಲುವು ಉಳಿದವರ ತಲೆ ಕೆಡಿಸಿತು ಎಂದು ನನಗೆ ಅನಿಸುತ್ತದೆ. ದಪ್ಪ ಪುಸ್ತಕ, ಡ್ರ್ಯಾಗನ್, ನಕ್ಷೆ ಇದ್ದರೆ ಸಾಕು ಎಂದು ಎಲ್ಲರೂ ಹಕ್ಕು ಕೊಳ್ಳಲು ಓಡಿದರು. 2006ರ ‘ಎರಗಾನ್’ 25 ಕೋಟಿ ಡಾಲರ್‌ವರೆಗೆ ಗಳಿಸಿಯೂ ಮುಂದುವರಿಯಲಿಲ್ಲ. ‘ನಾರ್ನಿಯಾ’ದ ಮೊದಲ ಚಿತ್ರ 2005ರಲ್ಲಿ 74 ಕೋಟಿ ಡಾಲರ್ ದಾಟಿತು, ಅದಕ್ಕಿಂತ ಹೆಚ್ಚು ಖರ್ಚು ಮಾಡಿದ ಎರಡನೆಯದು 2008ರಲ್ಲಿ 42 ಕೋಟಿಯ ಆಸುಪಾಸಿಗೆ ಇಳಿಯಿತು, ಡಿಸ್ನಿ ಕೈಬಿಟ್ಟಿತು. 2018ರ ‘ಮಾರ್ಟಲ್ ಎಂಜಿನ್ಸ್’ ಹಾಕಿದ ಬಂಡವಾಳವನ್ನೂ ಮುಟ್ಟಲಿಲ್ಲ. ಎದುರು ಉದಾಹರಣೆಯಾಗಿ ಹ್ಯಾರಿ ಪಾಟರ್ ಇದೆಯಲ್ಲ ಎನ್ನುತ್ತೀರಿ. ಇದೆ. ಆದರೆ ಅದು ಶಾಲೆಯ ಕಥೆ. ಹೊಸ ಹುಡುಗ, ಹೊಸ ಶಾಲೆ, ಕಟ್ಟುನಿಟ್ಟಿನ ಮೇಷ್ಟ್ರು. ಹುಡುಗನಿಗೂ ಏನೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ, ಇಬ್ಬರೂ ಜೊತೆಯಾಗಿ ಕಲಿಯುತ್ತೇವೆ. ನನ್ನ ಭಾವನಿಗೂ ಅದು ಅರ್ಥವಾಗಿತ್ತು.

ಕನ್ನಡದಲ್ಲಿ ಇಂಥ ಚಿತ್ರ ಏಕೆ ಇಲ್ಲ ಎಂದು ನೀವು ಕೇಳಿಲ್ಲ, ಆದರೂ ಹೇಳಿಬಿಡುತ್ತೇನೆ. ಕಾದಂಬರಿಯನ್ನು ತೆರೆಗೆ ತರುವುದು ನಮಗೆ ಹೊಸತಲ್ಲ. ಕೊಡಗಿನವರೇ ಆದ ಭಾರತೀಸುತರ ‘ಎಡಕಲ್ಲು ಗುಡ್ಡದ ಮೇಲೆ’ 1973ರಲ್ಲಿ ಪುಟ್ಟಣ್ಣ ಕಣಗಾಲರ ಕೈಯಲ್ಲಿ ಸಿನಿಮಾ ಆಯಿತು, ‘ಹುಲಿಯ ಹಾಲಿನ ಮೇವು’ 1979ರಲ್ಲಿ ರಾಜಕುಮಾರ್ ಅವರ ಚಿತ್ರವಾಯಿತು. ಕೊರತೆ ಇರುವುದು ಓದುಗರ ಸಂಖ್ಯೆಗೂ ಅದ್ಭುತ ಲೋಕದ ಬಿಲ್ಲಿಗೂ ನಡುವಿನ ಅಂತರದಲ್ಲಿ. ಖರ್ಚನ್ನು ಓದುಗರ ಅಳತೆಗೆ ಇಳಿಸಿದರೆ ದಾರಿ ಇದೆ. 2023ರ ‘ಡೇರ್‌ಡೆವಿಲ್ ಮುಸ್ತಾಫಾ’ ತೇಜಸ್ವಿಯವರ ಕಥೆ, ಹಣ ಹಾಕಿದವರು ತೇಜಸ್ವಿಯವರ ಅಭಿಮಾನಿ ಓದುಗರೇ. ಅದು ಅದ್ಭುತ ಲೋಕದ ಕಥೆಯಲ್ಲ, ಒಪ್ಪುತ್ತೇನೆ. ಹಾಗಾದರೆ ಗಿರೀಶ್ ಕಾರ್ನಾಡರು 1992ರಲ್ಲಿ, ಹಿಂದಿಯಲ್ಲಾದರೂ, ತೆಗೆದ ‘ಚೆಲುವಿ’ಯನ್ನು ನೋಡಿ. ಹುಡುಗಿಯೊಬ್ಬಳು ಹೂಮರವಾಗುವ ನಮ್ಮದೇ ಜನಪದ ಕಥೆ. ಮೈ ಎಲ್ಲ ಕೊಂಬೆಯಾಗುವುದನ್ನು ತೋರಿಸುವ ದುಬಾರಿ ಗ್ರಾಫಿಕ್ಸ್ ಕಾಲವಲ್ಲ ಅದು. ಆದರೂ ಮರ ಮುರಿದಾಗ ನೋವಾಗುವುದು ಹುಡುಗಿಗೆ ಎಂಬುದು ನೋಡುವವರಿಗೆ ತಟ್ಟುತ್ತದೆ.

ಇನ್ನು ಮಗಳಿಗೆ ಒಂದು ಸುದ್ದಿ. ಬಿಬಿಸಿ ಮತ್ತು ಎಚ್‌ಬಿಒ ಸೇರಿ 2019ರಿಂದ 2022ರ ನಡುವೆ ಇದೇ ಮೂರು ಪುಸ್ತಕಗಳನ್ನು ಮೂರು ಸೀಸನ್‌ಗಳ ಸರಣಿ ಮಾಡಿದರು, ಒಟ್ಟು 23 ಕಂತು. ಸಿನಿಮಾದಲ್ಲಿ ಕತ್ತರಿಸಿದ ಆ ಕೊನೆ ಮೊದಲ ಸೀಸನ್ನಿನ ಎಂಟನೇ ಕಂತಿನಲ್ಲಿದೆ. ಎಲ್ಲರ ಪಕ್ಕದಲ್ಲೂ ಡೀಮನ್ ಕಾಣುವುದಿಲ್ಲ, ಅಲ್ಲೂ ಬಿಲ್ಲು ಉಳಿಸಿದ್ದಾರೆ, ಅವಳು ಖಂಡಿತ ಪತ್ತೆ ಹಚ್ಚುತ್ತಾಳೆ. ಎಂಟನೇ ಕಂತು ನೋಡುವ ರಾತ್ರಿ ಕರೆಂಟ್ ಹೋಗದಂತೆ ಇನ್ವರ್ಟರ್ ತುಂಬಿಸಿಟ್ಟುಕೊಳ್ಳಿ.